ಉಜ್ಜಿನಿಯಲ್ಲಿ ಸೇಬು

2025ರ ಜನವರಿ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಊರಿನಿಂದ ಅಣ್ಣನ ಫೋನು ಬಂತು. ಅವನು ಫೋನು ಮಾಡುವುದು ಅಪರೂಪ. ಮಾಡಿದನೆಂದರೆ ಅವ್ವನಿಗೆ ಜ್ವರವೋ, ನೆಂಟರಲ್ಲಿ ಯಾರೋ ತೀರಿಕೊಂಡದ್ದೋ, ಅಂಥ ಸುದ್ದಿಯೇ ಇರಬೇಕು. ಎದೆ ಗಟ್ಟಿಮಾಡಿಕೊಂಡು ‘ಏನಣ್ಣಾ?’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಕೈಗಡ ಕೇಳುವವನ ದನಿಯಲ್ಲಿ, ‘ತಮ್ಮಾ, ಮೂಡಲ ಹೊಲದಾಗ ಒಂದೈದಾರು ಗುಂಟೆ ಸೇಬು ಹಾಕಬೇಕು ಅಂತ ಮಾಡೀನಿ. ಹೊಲ ಇಬ್ಬರ ಹೆಸರಿಗೂ ಐತಿ. ನೀನು ಹೂಂ ಅಂದ್ರ ಹಾಕ್ತೀನಿ’ ಎಂದ.

ನಾನು ನಕ್ಕುಬಿಟ್ಟೆ.

ಅವನು ನಗಲಿಲ್ಲ. ‘ಆತು, ವಿಚಾರ ಮಾಡಿ ಹೇಳು’ ಎಂದು ಫೋನು ಇಟ್ಟ. ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿ ಇನ್ನೊಮ್ಮೆ ನಕ್ಕೆ. ಅವಳು ರೊಟ್ಟಿ ಬಡಿಸುತ್ತ, ‘ನಾನು ಈ ಮನೆಗೆ ಬಂದು ಹದಿನೆಂಟು ವರ್ಷ ಆತು. ಭಾವನೋರು ನಿಮ್ಮನ್ನ ಏನಾದರೂ ಕೇಳಿದ್ದು ಇದೇ ಮೊದಲು’ ಎಂದಳು. ಅವಳು ಹೇಳಿದ್ದು ಅಷ್ಟೇ. ಆದರೆ ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಉಜ್ಜಿನಿಯಲ್ಲಿ ಸೇಬು ಎಂದರೆ ಯಾರಿಗಾದರೂ ನಗು ಬರುತ್ತದೆ, ಸರಿ. ಬೆಂಗಳೂರಿನಲ್ಲಿ ಬಂಗಲೆ ಕಟ್ಟಿಸಿದ ಒಬ್ಬ ಗೆಳೆಯ ತನ್ನ ಮಹಡಿಯ ಮೇಲೆ ಕುಂಡದಲ್ಲಿ ಸೇಬಿನ ಗಿಡ ಇಟ್ಟಿದ್ದಾನೆ. ಅದನ್ನು ತೋರಿಸಿದಾಗ ನಾನು ‘ಭಲೆ!’ ಎಂದಿದ್ದೆ. ಅಲ್ಲಿ ಹವ್ಯಾಸವಾಗಿ ಕಂಡದ್ದು ನಮ್ಮ ಅಣ್ಣನಲ್ಲಿ ಹುಚ್ಚಾಗಿ ಕಂಡದ್ದು ಏಕೆ? ಒಂದು ವರ್ಷದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಉಜ್ಜಿನಿ ಎಂದೊಡನೆ ಓದುಗರಲ್ಲಿ ಕೆಲವರಿಗೆ ಕ್ಷಿಪ್ರಾ ನದಿಯೂ ಕಾಳಿದಾಸನೂ ನೆನಪಾಗಬಹುದು. ಅದು ಬೇರೆ. ನಮ್ಮದು ಬಳ್ಳಾರಿ ಸೀಮೆಯ ಬಿಸಿಲಿನ ಊರು. ನಮ್ಮ ಅಜ್ಜ ಹುಟ್ಟಿದಾಗ ಮದ್ರಾಸಿಗೆ ಸೇರಿತ್ತು. 1953ರಲ್ಲಿ ಮೈಸೂರಿಗೆ ಬಂತು. ನಾನು ಓದುವಾಗ ಬಳ್ಳಾರಿ ಜಿಲ್ಲೆ, ಕೂಡ್ಲಿಗಿ ತಾಲ್ಲೂಕು. ಈಗ ಕೊಟ್ಟೂರು ತಾಲ್ಲೂಕು, 2021ರಿಂದ ವಿಜಯನಗರ ಜಿಲ್ಲೆ. ವಿಳಾಸ ಇಷ್ಟು ಸಲ ಬದಲಾದರೂ ಮಳೆ ಬದಲಾಗಲಿಲ್ಲ. ವರ್ಷಕ್ಕೆ 500 ಮಿಲಿಮೀಟರಿನ ಆಚೆ ಈಚೆ, ಅದೂ ಮನಸ್ಸು ಬಂದರೆ. ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಕೆತ್ತನೆಯಿಂದಾಗಿ ‘ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು’ ಎಂಬ ಮಾತು ನಮ್ಮ ಕಡೆ ಇದೆ. ಊರನ್ನು ಹೊರಗಿನಿಂದ ನೋಡಿದರೆ ಮೆಚ್ಚುವಂಥದು ಹೆಚ್ಚೇನೂ ಇಲ್ಲವೆಂಬುದನ್ನು ಹಿರಿಯರು ಹೀಗೆ ಮರ್ಯಾದೆಯಿಂದ ಒಪ್ಪಿಕೊಂಡಿರಬೇಕು.

ನಮ್ಮದು ನಾಲ್ಕು ಎಕರೆ ಮಸಾರಿ ಹೊಲ. ಶೇಂಗಾ, ಜೋಳ, ಈಚೆಗೆ ಮೆಕ್ಕೆಜೋಳ. ಬದುವಿನ ಮೇಲೆ ಎರಡು ಹುಣಸೆ ಮರ, ಒಂದು ಬೇವು. ಆರುನೂರು ಅಡಿಯ ಒಂದು ಕೊಳವೆ ಬಾವಿ. ಬೇಸಿಗೆಯಲ್ಲಿ ಅದರ ನೀರು ಬೆರಳುಗಾತ್ರಕ್ಕೆ ಇಳಿಯುತ್ತದೆ. ಅಪ್ಪ ತೀರಿಕೊಂಡಾಗ ನಾನು ಐದನೆಯ ಇಯತ್ತೆ, ಅಣ್ಣ ಎಂಟನೆಯದು. ಇಬ್ಬರಲ್ಲಿ ಒಬ್ಬರು ಹೊಲಕ್ಕೆ ಹೋಗಬೇಕಾಯಿತು. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಆದರೂ ಹೋದವನು ಅವನು. ನಾನು ಎಂ.ಎ. ಮಾಡಿದ್ದು ಆ ನಾಲ್ಕು ಎಕರೆಯ ಶೇಂಗಾದಿಂದ.

ಮರುದಿನ ನಾನೇ ಫೋನು ಮಾಡಿದೆ. ಹೂಂ ಎನ್ನುವುದಕ್ಕಲ್ಲ, ಬೇಡವೆನ್ನಲು ಕಾರಣಗಳನ್ನು ಜೋಡಿಸಿಕೊಂಡಿದ್ದೆ. ಮೇಷ್ಟರ ಕಸುಬೇ ಅದು.

ಮೊದಲನೆಯ ಕಾರಣ ಚಳಿ. ಸೇಬಿನ ಮರಕ್ಕೆ ಚಳಿಗಾಲದ ನಿದ್ದೆ ಬೇಕು. ಸಾಮಾನ್ಯ ಜಾತಿಗಳಾದರೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ 800ರಿಂದ 1000 ಗಂಟೆ, ಕೆಲವು ಅದಕ್ಕೂ ಹೆಚ್ಚು, ಮಲಗಿ ಏಳಬೇಕು. ಆ ನಿದ್ದೆ ಸಾಲದಿದ್ದರೆ ಮೊಗ್ಗು ಕಣ್ಣು ಬಿಡುವುದಿಲ್ಲ. ಹಿಮಾಚಲದಲ್ಲಿ ಹಿಮ ಕರಗಿ ವಸಂತ ಬಂದಾಗ ಮರ ಎಚ್ಚರಗೊಳ್ಳುತ್ತದೆ. ಉಜ್ಜಿನಿಯಲ್ಲಿ ಎಂಥ ವಸಂತ? ಕಾವ್ಯ ಪಾಠ ಮಾಡುವಾಗ ನಾನು ತಂಗಾಳಿ, ಕೋಗಿಲೆ, ಚಿಗುರು ಎಂದು ವರ್ಣಿಸುವುದುಂಟು. ವಿದ್ಯಾರ್ಥಿಗಳು ಬೆವರು ಒರೆಸಿಕೊಳ್ಳುತ್ತ ಬರೆದುಕೊಳ್ಳುವುದುಂಟು. ನಮ್ಮಲ್ಲಿ ಶಿವರಾತ್ರಿಗೆ ಚಳಿ ‘ಶಿವಶಿವಾ’ ಎನ್ನುತ್ತ ಹೊರಟುಹೋಗುತ್ತದೆ. ಯುಗಾದಿಗೆ ಬೇವು ಹೂವಾಗುವ ಹೊತ್ತಿಗೆ ಹೊಲದಲ್ಲಿ ಬರಿಗಾಲು ಇಡಲಾಗುವುದಿಲ್ಲ. ಅಂಥಲ್ಲಿ ಹಿಮದ ಗಿಡವನ್ನು ತಂದು, ಚಳಿ ಹೋಗುವ ವಾರ ಊರುವುದೆಂದರೆ ಏನರ್ಥ?

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ‘ಅದು ಗೊತ್ತೈತಿ’ ಎಂದು ತನ್ನ ಪಾಠ ಶುರುಮಾಡಿದ. ಆ ವಾರ ಪದ್ಮ ಪ್ರಶಸ್ತಿಗಳ ಸುದ್ದಿ ಬಂದಿತ್ತು. ಅದರಲ್ಲಿ ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಹರಿಮನ್ ಶರ್ಮಾ ಎಂಬ ರೈತರಿಗೆ ಪದ್ಮಶ್ರೀ. ಅವರ ಊರು ಪನಿಯಾಲಾ ಸಮುದ್ರಮಟ್ಟದಿಂದ ಕೇವಲ 1800 ಅಡಿ ಎತ್ತರದಲ್ಲಿದೆ. ಹಿಮಾಚಲವಾದರೂ ಸೆಕೆಯ ಜಾಗ. 1998ರಲ್ಲಿ ಮನೆಮಂದಿಗೆಂದು ತಂದ ಸೇಬು ತಿಂದು ಬೀಜವನ್ನು ಹಿತ್ತಲಿಗೆ ಎಸೆದರು. ಮರುವರ್ಷ ಅಲ್ಲೊಂದು ಸಸಿ ಕಂಡಿತು. ಅದನ್ನು ಕೀಳದೆ ಬಿಟ್ಟರು. 2001ರಲ್ಲಿ ಕಾಯಿ ಬಿಟ್ಟಿತು. ಆ ಒಂದು ಗಿಡದಿಂದ ಕಸಿ ಮಾಡಿ ಮಾಡಿ ಬೆಳೆಸಿದ ಜಾತಿಗೆ ಎಚ್‌ಆರ್‌ಎಂಎನ್-99 ಎಂಬ ಹೆಸರು ಬಿತ್ತು. ನಲವತ್ತು ಡಿಗ್ರಿಗೂ ಮೀರಿದ ಸೆಕೆಯಲ್ಲಿ ಬದುಕುತ್ತದೆಂದು ಅದರ ಖ್ಯಾತಿ. ಅದರ ಸಸಿಗಳು ನಮ್ಮ ರಾಜ್ಯಕ್ಕೂ ಬಂದಿವೆ. ಚಳಿ ಕಡಿಮೆ ಬೇಡುವ ಬೇರೆ ಜಾತಿಗಳೂ ಉಂಟು: ಇಸ್ರೇಲಿನ ‘ಅನ್ನಾ’, ಬಹಾಮಾ ದ್ವೀಪದ ‘ಡಾರ್ಸೆಟ್ ಗೋಲ್ಡನ್’. ಅನ್ನಾಗೆ ಪರಾಗ ಒದಗಲು ಡಾರ್ಸೆಟ್ ಪಕ್ಕದಲ್ಲಿರಬೇಕಂತೆ. ‘ಮೂವತ್ತು ಹರಿಮನ್ನು, ಆರು ಅನ್ನಾ, ನಾಕು ಡಾರ್ಸೆಟ್ಟು’ ಎಂದು ಅಣ್ಣ ಎಣಿಸಿದಾಗ ನಾನು ಸುಮ್ಮನಾದೆ. ಎಂಟನೆಯ ಇಯತ್ತೆಯಲ್ಲಿ ನಿಂತುಹೋದ ಪಾಠವನ್ನು ಅವನು ಎಲ್ಲಿಂದಲೋ ಮತ್ತೆ ಹಿಡಿದಿದ್ದ.

ಒಂದು ಮಾತು ಮಾತ್ರ ನನಗೆ ಹೊಸದು, ಬಹಳ ಹಿಡಿಸಿತು. ಸೇಬಿನ ಬೀಜ ಬಿತ್ತಿದರೆ ಅದೇ ಸೇಬು ಬರುವುದಿಲ್ಲವಂತೆ. ಪ್ರತಿ ಬೀಜವೂ ಹೊಸದೊಂದು ಜಾತಿ. ಹೆಚ್ಚಿನವು ಹುಳಿ, ಒಗರು, ಪ್ರಯೋಜನಕ್ಕಿಲ್ಲ. ಯಾವುದೋ ಒಂದು ಸಿಹಿಯಾದರೆ ಅದರ ಕಡ್ಡಿಯನ್ನು ಕಸಿ ಕಟ್ಟಿ ಉಳಿಸಿಕೊಳ್ಳಬೇಕು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ನಮ್ಮ ಗಾದೆ ಸೇಬಿಗೆ ಸಲ್ಲದು. ಹರಿಮನ್ ಶರ್ಮಾ ಅವರ ಹಿತ್ತಲಲ್ಲಿ ಹುಟ್ಟಿದ್ದು ಅಂಥ ತಾಯಿಯನ್ನು ಹೋಲದ ಮಗಳು.

ನನ್ನ ಎರಡನೆಯ ಕಾರಣ ಹೆಚ್ಚು ಘನವಾದದ್ದೆಂದು ನಾನು ತಿಳಿದಿದ್ದೆ. ‘ಅಲ್ಲಣ್ಣಾ, ಸೇಬು ನಮ್ಮ ಮಣ್ಣಿನ ಹಣ್ಣಲ್ಲ. ಈ ನೆಲಕ್ಕೆ ಒಗ್ಗಿದ್ದು ಶೇಂಗಾ ಐತಿ, ಸೀತಾಫಲ ಐತಿ, ಪೇರಲ ಐತಿ...’ ಎಂದೆ. ಅಣ್ಣ ಬಹಳ ಸಾವಕಾಶವಾಗಿ, ‘ಶೇಂಗಾ ಯಾವೂರಿಂದ ಬಂತು?’ ಎಂದು ಕೇಳಿದ.

ಆ ಕ್ಷಣ ನನಗಾದ ನಾಚಿಕೆಯನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು. ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಪೇರಲ, ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆದು ನಿಂತ ಸೀತಾಫಲ ಕೂಡ, ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಪೋರ್ಚುಗೀಸರು ಈ ದೇಶಕ್ಕೆ ಕಾಲಿಡುವ ಮೊದಲು ಇಲ್ಲಿ ಇರಲಿಲ್ಲ. ಹಂಪಿಯ ಅರಸರು ತಮ್ಮ ವೈಭವದ ಬಹುಕಾಲ ಹಸಿಮೆಣಸಿನಕಾಯಿಯಿಲ್ಲದೆ ಉಂಡರು. ಸೇಬಿನ ವಿಚಾರಕ್ಕೇ ಬಂದರೂ, ಹಿಮಾಚಲದ ಹಣ್ಣೆಂದು ನಾವು ಕೊಳ್ಳುವುದು ಅಲ್ಲಿಗೂ ಪರದೇಶಿಯೇ. ಕುಲು ಕಣಿವೆಯಲ್ಲಿ 1870ರ ಸುಮಾರಿಗೆ ಕ್ಯಾಪ್ಟನ್ ಲೀ ಎಂಬ ಇಂಗ್ಲಿಷರವನು ತೋಟ ಹಾಕಿದ. ಕೋಟ್‌ಗಢದಲ್ಲಿ ಸ್ಯಾಮ್ಯುಯಲ್ ಸ್ಟೋಕ್ಸ್ ಎಂಬ ಅಮೆರಿಕನ್ನರು—ಮುಂದೆ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದರಾದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋದವರು—1916ರ ಸುಮಾರಿಗೆ ತಮ್ಮ ದೇಶದಿಂದ ‘ಡಿಲಿಷಸ್’ ಜಾತಿಯ ಸಸಿಗಳನ್ನು ತರಿಸಿ ನೆಟ್ಟರು. ಸೇಬಿನ ನಿಜವಾದ ತವರು ಕಜಾಕಸ್ತಾನದ ಬೆಟ್ಟಗಳು. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನಲ್ಲೂ ‘ರೋಮ್ ಬ್ಯೂಟಿ’ ಎಂಬ ಸೇಬನ್ನು ಬೆಳೆಯುತ್ತಿದ್ದರು; ಊರು ಬೆಳೆದಂತೆ ಅದು ಕಾಣೆಯಾಯಿತು.

ಇದಕ್ಕಿಂತ ಹೆಚ್ಚಿನ ನಾಚಿಕೆ ಇನ್ನೊಂದಿದೆ. ‘ಸೇಬು’ ಎಂಬ ಮಾತೇ ಪಾರಸಿಯ ‘ಸೇಬ್’. ಕನ್ನಡ ಹೀಗೆ ಪಾರಸಿಯಿಂದ, ಪೋರ್ಚುಗೀಸಿನಿಂದ, ಇಂಗ್ಲಿಷಿನಿಂದ ಬಂದ ಮಾತುಗಳನ್ನು ಸಾಕಿಕೊಂಡು ತನ್ನದಾಗಿಸಿಕೊಂಡಿತು, ಬಂದವರಿಗೆ ಮಣೆ ಹಾಕುವ ಭಾಷೆಯೇ ಬಾಳುವ ಭಾಷೆ ಎಂದು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಅಚ್ಚಗನ್ನಡದ ಹಟ ಹಿಡಿದ ಹುಡುಗರೊಡನೆ ವಾದ ಮಾಡಿದವನು. ನಿಘಂಟಿಗೆ ಬೇಡವೆಂದ ಮಡಿಯನ್ನು ಅಣ್ಣನ ಹೊಲಕ್ಕೆ ಹಾಕಹೊರಟಿದ್ದೆ. ನಗರದಲ್ಲಿರುವ ನಮಗೆ ಹಳ್ಳಿ ನಾವು ಬಿಟ್ಟುಬಂದಂತೆಯೇ ಇರಬೇಕೆಂಬ ಒಂದು ಆಸೆ ಉಂಟು. ನಮ್ಮ ನೆನಪಿಗೆ ಕಾವಲುಗಾರರಾಗಿ ಅಲ್ಲಿಯವರು ನವಣೆ ಬೆಳೆಯುತ್ತಿರಬೇಕು. ನಾವು ದಾವಣಗೆರೆಯ ಅಂಗಡಿಯಲ್ಲಿ ವಾಷಿಂಗ್ಟನ್ ಸೇಬು ಕೊಳ್ಳುತ್ತಿರಬೇಕು.

ಉಳಿದದ್ದು ಮೂರನೆಯ ಕಾರಣ: ನೀರು. ಇಲ್ಲಿ ನನ್ನ ಕಾಲಿಗೆ ನೆಲ ಸಿಕ್ಕಿತೆಂದುಕೊಂಡೆ. ಆರುನೂರು ಅಡಿಯ ಕೆಳಗಿನ ನೀರು ಹೋದ ವರ್ಷದ ಮಳೆಯದಲ್ಲ. ಎಷ್ಟೋ ಕಾಲದಿಂದ ಬಂಡೆಯ ಸಂದಿನಲ್ಲಿ ಕೂಡಿಟ್ಟದ್ದು. ಅದನ್ನು ಮೇಲೆತ್ತಿ ಶೋಕಿಯ ಗಿಡಕ್ಕೆ ಸುರಿಯುವುದು ನ್ಯಾಯವೇ? ಅಣ್ಣ ಇದಕ್ಕೆ ಏನೂ ಹೇಳಲಿಲ್ಲ. ‘ಲೆಕ್ಕ ಹಾಕು’ ಎಂದ. ಹಾಕಿದೆ. ಎಳೆಯ ಗಿಡಕ್ಕೆ ದಿನಕ್ಕೆ 8 ಲೀಟರು, ನಲವತ್ತು ಗಿಡಕ್ಕೆ 320 ಲೀಟರು. ಬೆಳೆದ ಮೇಲೆ ಐದು ಪಟ್ಟಾದರೂ 1600 ಲೀಟರು, ವರ್ಷಕ್ಕೆ ಆರು ಲಕ್ಷ ಲೀಟರಿಗೆ ಸ್ವಲ್ಪ ಕಡಿಮೆ. ಒಂದು ಎಕರೆ ಮೆಕ್ಕೆಜೋಳಕ್ಕೆ ಬೆಳೆ ಮುಗಿಯುವವರೆಗೆ 500 ಮಿಲಿಮೀಟರು ನೀರು ಎಂದು ಹಿಡಿದರೆ 20 ಲಕ್ಷ ಲೀಟರಾಯಿತು. ಆ ಮೆಕ್ಕೆಜೋಳದಲ್ಲಿ ಬಹುಪಾಲು ಹೋಗುವುದು ಕೋಳಿಯ ಮೇವಿಗೆ. ಇನ್ನು ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರು ಎಂಬುದು ಸರ್ಕಾರದ ಲೆಕ್ಕ. ನಾವು ನಾಲ್ವರಿಗೆ 540. ಅಂದರೆ ದಾವಣಗೆರೆಯಲ್ಲಿ ನನ್ನ ಸಂಸಾರ ಸ್ನಾನ ಮಾಡಿ ಪಾತ್ರೆ ತೊಳೆಯುವ ನೀರಿಗಿಂತ ಅಣ್ಣನ ಎಳೆಯ ತೋಟದ ನೀರು ಕಡಿಮೆ.

ಲೆಕ್ಕ ಅವನ ಕಡೆಗೆ ಬಂತು. ಆದರೂ ನೀರಿನ ನ್ಯಾಯ ಲೀಟರಿನಲ್ಲಿ ಮುಗಿಯುವುದಿಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ. ನಮ್ಮ ಪಕ್ಕದ ಹೊಲದ ಮುದುಕಿಯ ಕೊಳವೆ ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ನಾವು ಆಕೆಯನ್ನು ದೊಡ್ಡವ್ವ ಎನ್ನುತ್ತೇವೆ. ಆಕೆಯ ಎರಡು ಎಮ್ಮೆ ನೀರು ಕುಡಿಯುವುದು ನಮ್ಮ ಬಾವಿಯ ತೊಟ್ಟಿಯಲ್ಲಿ. ಹೊಲದ ಕಾಗದದಲ್ಲಿ ನನ್ನ ಹೆಸರಿದೆ, ಆದ್ದರಿಂದ ನನ್ನನ್ನು ಕೇಳಿದ. ಆಕೆಯ ಹೆಸರು ಯಾವ ಕಾಗದದಲ್ಲಿದೆ? ಈ ಪ್ರಶ್ನೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಅಣ್ಣನ ಮುಂದಿಟ್ಟೆ. ‘ಆಕಿನ್ನ ಮೊದಲ ಕೇಳೀನಿ’ ಎಂದ ಅವನು. ‘ತೊಟ್ಟಿ ತುಂಬಿದ ಮ್ಯಾಲ ಗಿಡಕ್ಕ ಬಿಡು ಅಂದಾಳ. ಹಂಗ ಮಾಡ್ತೀನಿ ಅಂತ ಮಾತು ಕೊಟ್ಟೀನಿ.’

ನಾನು ಹೂಂ ಎಂದೆ. ಬೇರೇನು ಹೇಳಲಿ?

ಶಿವರಾತ್ರಿ ಮುಗಿದ ಭಾನುವಾರ ಊರಿಗೆ ಹೋದೆ. ಕುಣಿಗಳನ್ನು ತಿಂಗಳ ಮೊದಲೇ ತೋಡಿ ಬಿಸಿಲಿಗೆ ಬಿಟ್ಟಿದ್ದ. ಎರಡಡಿ ಅಗಲ, ಎರಡಡಿ ಆಳ, ಗಿಡದಿಂದ ಗಿಡಕ್ಕೆ ಹನ್ನೆರಡು ಅಡಿ. ಸಸಿಗಳು ಪಾರ್ಸಲಿನಲ್ಲಿ ಬಂದಿದ್ದವು: ಬೆರಳು ದಪ್ಪದ ಕಡ್ಡಿಗಳು, ಎಲೆಯಿಲ್ಲ, ಮಣ್ಣಿಲ್ಲ, ಬರಿಯ ಬೇರು, ಒದ್ದೆ ಗೋಣಿಯಲ್ಲಿ ಸುತ್ತಿದ್ದು. ನೋಡಿದರೆ ಒಲೆಗೆ ಹಾಕುವ ಸೌದೆಯೆನ್ನಬೇಕು. ಎರಡು ಆಡು ಮಾರಿದ ದುಡ್ಡು ಈ ಕಡ್ಡಿಗಳಾಗಿ ಬಂದಿತ್ತು. ಏಳು ಕಡ್ಡಿಗಳ ಬೇರು ದಾರಿಯಲ್ಲೇ ಒಣಗಿ ಮುರಿಯುತ್ತಿತ್ತು. ಕಳಿಸಿದವರನ್ನು ಕೇಳಿದರೆ ದಾರಿಯ ಹೊಣೆ ತಮ್ಮದಲ್ಲವೆಂದರಂತೆ. ಉಳಿದ ಮೂವತ್ತಮೂರನ್ನು ಕೆಸರಿನಲ್ಲಿ ಅದ್ದಿ, ತಿಪ್ಪೆಗೊಬ್ಬರ ಬೇವಿನಹಿಂಡಿ ಕಲಸಿದ ಮಣ್ಣಿನಲ್ಲಿ ನಿಲ್ಲಿಸಿದೆವು. ಕಸಿಯ ಗಂಟು ಮಣ್ಣಿನ ಮೇಲೆ ನಾಲ್ಕು ಬೆರಳು ಕಾಣಬೇಕು, ಮುಚ್ಚಿದರೆ ಕೆಟ್ಟಿತು ಎಂದು ಅಣ್ಣ ನನಗೆ ಎರಡು ಸಲ ಹೇಳಿದ. ನಾನು ಹಿಡಿದ ಸಸಿಗಳನ್ನೆಲ್ಲ ಆಮೇಲೆ ಅವನು ಮತ್ತೆ ಒಂದೊಂದಾಗಿ ನೋಡಿ ಬಂದದ್ದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಬಿಸಿಲಿಗೆ ನೆರಳು ಬೇಕಲ್ಲ? ಅವ್ವ ಟ್ರಂಕು ತೆರೆದು ತನ್ನ ಹಳೆಯ ಸೀರೆಗಳನ್ನು ಹರಿದುಕೊಟ್ಟಳು. ಕೋಲು ನೆಟ್ಟು ಕಟ್ಟಿದೆವು. ಸಂಜೆಗೆ ನೋಡಿದರೆ ಕೆಂಪು, ಹಸಿರು, ನೀಲಿ ಅಂಚುಗಳ ಪುಟ್ಟ ಜಾತ್ರೆಯೊಂದು ಮಸಾರಿ ನೆಲದಲ್ಲಿ ನಿಂತಂತಿತ್ತು.

ಆ ರಾತ್ರಿ ಬದುವಿನ ಮೇಲೆ ಕುಳಿತಾಗ ಕೇಳಿದೆ: ‘ಯಾಕಣ್ಣಾ? ರೊಕ್ಕ ಬರ್ತೈತಿ ಅಂತಲೇನು?’

ನನಗೆ ಒಂದು ಉತ್ತರದ ನಿರೀಕ್ಷೆಯಿತ್ತು. ನಮ್ಮ ಕಡೆ ಸೇಬೆಂದರೆ ರೋಗಿಗಳ ಹಣ್ಣು. ಆಸ್ಪತ್ರೆಗೆ ನೋಡಲು ಹೋಗುವವರು ಒಯ್ಯುವುದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಯಾರೋ ತಂದಿಟ್ಟ ಸೇಬನ್ನು ಅವರು ತಿನ್ನಲಾಗದೆ ನಮಗೆ ಕೊಟ್ಟಿದ್ದರು. ಅವ್ವ ಅದನ್ನು ನಾಲ್ಕು ಹೋಳು ಮಾಡಿದ್ದು ನನಗೆ ನೆನಪಿದೆ. ಅಣ್ಣ ಆ ಮಾತು ತೆಗೆಯುತ್ತಾನೆಂದು ಕಾದೆ. ತೆಗೆದಿದ್ದರೆ ನನ್ನ ಪ್ರಬಂಧಕ್ಕೂ ಒಂದು ಚೆಲುವು ಬರುತ್ತಿತ್ತು. ಅವನು ಹೇಳಿದ್ದು ಬೇರೆ.

‘ರೊಕ್ಕದ್ದು ದೇವರು ಬಲ್ಲ. ಅದರ ಹೂ ಹೆಂಗಿರ್ತೈತಿ ನೋಡಬೇಕು. ಹಣ್ಣು ಎಲ್ಲಾರೂ ನೋಡ್ಯಾರ. ನಮ್ಮೂರಾಗ ಆ ಹೂ ಯಾರೂ ನೋಡಿಲ್ಲ.’

ಇಷ್ಟೇ. ಐವತ್ತು ದಾಟಿದ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ, ಬರ ನಾಲ್ಕು ಕಂಡ ಮನುಷ್ಯ ಎರಡು ಆಡು ಮಾರಿದ್ದು ಒಂದು ಹೂವು ಹೇಗಿರುತ್ತದೆಂದು ನೋಡುವುದಕ್ಕೆ. ನನ್ನ ಗೆಳೆಯರಲ್ಲಿ ಅರ್ಥಶಾಸ್ತ್ರ ಹೇಳುವವರೊಬ್ಬರು ಇದನ್ನು ಕೇಳಿ, ‘ಬಡವನಿಗೆ ಇಂಥದು ಸಲ್ಲದು’ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆಸೆಯೇ ದುಃಖಕ್ಕೆ ಮೂಲ ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಆ ಮಾತನ್ನು ನಾವು ಹೇಳುವುದು ಯಾರಿಗೆ ಎಂಬುದನ್ನು ಗಮನಿಸಬೇಕು. ಮಹಡಿಯ ಮೇಲೆ ಕುಂಡವಿಟ್ಟವನಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ರೈತ ಅನ್ನದಾತ ಎನ್ನುತ್ತೇವೆ. ಹಾಗೆ ಹೊಗಳಿ, ಅನ್ನವಲ್ಲದ ಬೇರೇನನ್ನೂ ಅವನು ಬಯಸದಂತೆ ಕಟ್ಟಿಹಾಕುತ್ತೇವೆ. ವೈಶಾಖದಲ್ಲಿ ತೇರಿನ ಮೇಲೆ ನಮ್ಮೂರಿನ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುತ್ತಾರೆ. ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ಹಳೆಯ ವಾಡಿಕೆ. ಸಾವಿರಾರು ಜನ ನಿಂತು, ಕಲ್ಲಿನ ಮೇಲೆ ಎಣ್ಣೆ ಇಳಿಯುವುದನ್ನು ನೋಡುತ್ತಾರೆ. ಒಗ್ಗರಣೆಗೆ ಎಣ್ಣೆ ಸಾಲದ ಮನೆಯವರೂ ನೋಡುತ್ತಾರೆ. ಹಾಳಾಯಿತೆಂದು ಅವರಾರೂ ಎಂದದ್ದನ್ನು ನಾನು ಕೇಳಿಲ್ಲ.

ಅಣ್ಣನ ಮಾತು ಕೇಳಿದ ಮೇಲೆ ನನಗೆ ನನ್ನದೇ ಒಂದು ಹಳೆಯ ಕಥೆ ನೆನಪಾಯಿತು. ಎಂ.ಎ. ಆದ ಮೇಲೆ ನಾಲ್ಕು ವರ್ಷ ನಾನು ಒಂದು ಹಸ್ತಪ್ರತಿಯ ಹಿಂದೆ ಬಿದ್ದಿದ್ದೆ. ಮೂರು ಓಲೆ ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಇಲ್ಲಿ ಒಂದು ಅಕ್ಷರ ಬೇರೆ, ಅಲ್ಲಿ ಒಂದು ದೀರ್ಘ ಬೇರೆ ಎಂದು ಪಾಠಾಂತರ ಗುರುತು ಮಾಡುತ್ತಿದ್ದೆ. ಕಡೆಗೆ ಆ ಪ್ರಬಂಧವನ್ನು ಒಪ್ಪಿಸಲೂ ಇಲ್ಲ. ಕಾಗದದ ಕಟ್ಟು ಈಗಲೂ ಅಟ್ಟದ ಮೇಲಿದೆ. ಆ ನಾಲ್ಕು ವರ್ಷ ನನ್ನ ಕೋಣೆಯ ಬಾಡಿಗೆ ಊರಿನಿಂದ ಬರುತ್ತಿತ್ತು. ಒಮ್ಮೆ ಅಣ್ಣ ಬಾಡಿಗೆ ಕೊಡಲು ತಾನೇ ಬಂದವನು, ನಾನು ಕನ್ನಡಿಗಾಜು ಹಿಡಿದು ಓಲೆ ನೋಡುವುದನ್ನು ಬಹಳ ಹೊತ್ತು ನಿಂತು ನೋಡಿದ. ‘ಇದರಿಂದ ಏನಾಗ್ತೈತಿ?’ ಎಂದು ಕೇಳಲಿಲ್ಲ. ‘ಸಿಕ್ತೇನು?’ ಎಂದು ಕೇಳಿದ. ಈ ಎರಡು ಪ್ರಶ್ನೆಗಳ ನಡುವಿನ ಅಂತರ ನನಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಪ್ರಯೋಜನವಿಲ್ಲದ ಕುತೂಹಲ ವಿದ್ವಾಂಸನಿಗೆ ಭೂಷಣ, ರೈತನಿಗೆ ಹುಚ್ಚು ಎಂಬ ಶಾಸ್ತ್ರ ಎಲ್ಲಿದೆ?

ಹಾಗೆಂದು ರೈತ ಏನು ನೆಟ್ಟರೂ ಸರಿ ಎನ್ನಲು ನಾನು ಸಿದ್ಧನಿಲ್ಲ. ಎಕರೆಗೆ ಇಷ್ಟು ಲಕ್ಷವೆಂದು ಅಂಗೈಯಲ್ಲಿ ಹಿಮಾಚಲ ತೋರಿಸಿ ಸಸಿ ಮಾರುವವರು ಈಗ ಬೇಕಾದಷ್ಟು. ಸಾಲ ಮಾಡಿ ನೆಟ್ಟು ಮುಳುಗುವವನು ಕುತೂಹಲಕ್ಕೆ ಬಲಿಯಾಗುವುದಿಲ್ಲ, ಮೋಸಕ್ಕೆ ಬಲಿಯಾಗುತ್ತಾನೆ. ಅಣ್ಣ ಸಾಲ ಮಾಡಲಿಲ್ಲ, ಶೇಂಗಾದ ಹೊಲ ಮುಟ್ಟಲಿಲ್ಲ. ಇನ್ನೊಂದು ವ್ಯತ್ಯಾಸವನ್ನೂ ಮರೆಮಾಚಬಾರದು. ನನ್ನ ಓಲೆಗರಿಗಳು ಯಾರ ಬಾಯಾರಿಕೆಯನ್ನೂ ಹೆಚ್ಚಿಸಲಿಲ್ಲ. ಖರ್ಚಾದದ್ದು ನಮ್ಮ ಮನೆಯ ಹಣ. ಅವನ ಗಿಡ ಕುಡಿಯುವುದು ನೆಲದಡಿಯ ನೀರನ್ನು. ಅದು ದೊಡ್ಡವ್ವನ ಹೊಲದ ಕೆಳಗೂ, ಅದರಾಚೆಯವರ ಹೊಲದ ಕೆಳಗೂ ಹರಿದು ಬಂದದ್ದು. ದೊಡ್ಡವ್ವನನ್ನು ಕೇಳಿದ, ಆಚೆಯವರನ್ನು ಯಾರು ಕೇಳಿದರು? ಮೆಕ್ಕೆಜೋಳ ಬಿತ್ತುವಾಗಲೂ ಯಾರೂ ಕೇಳಲಿಲ್ಲ ಎಂಬುದು ಇದಕ್ಕೆ ಉತ್ತರವಲ್ಲ.

ಏಪ್ರಿಲಿನಲ್ಲಿ ಬಾವಿ ಇಳಿಯಿತು. ತೇರಿಗೆಂದು ನಾನು ಊರಿಗೆ ಹೋದಾಗ ಸೀರೆಯ ನೆರಳುಗಳು ಬಿಸಿಲಿಗೆ ಬಿಳಿಚಿದ್ದವು. ಮೇಲಿನ ಎರಡು ಸಾಲಿನ ಗಿಡಗಳಲ್ಲಿ ಎಲೆ ಇತ್ತು. ಕೆಳಗಿನ ಸಾಲಿನಲ್ಲಿ ಎಲೆಯ ಅಂಚು ಸುಟ್ಟು ಕಾಗದದಂತಾಗಿತ್ತು. ಕರೆಂಟು ಬಂದಾಗ ಅಣ್ಣ ನೀರನ್ನು ಮೊದಲು ತೊಟ್ಟಿಗೆ ತಿರುಗಿಸಿದ. ಎರಡು ಎಮ್ಮೆ, ನಮ್ಮ ಎತ್ತು, ಯಾರದೋ ನಾಲ್ಕು ಕುರಿ. ತೊಟ್ಟಿ ತುಂಬುವ ಹೊತ್ತಿಗೆ ಬಾವಿ ಗಾಳಿ ಉಗುಳತೊಡಗಿತು. ಉಳಿದ ನೀರು ಎರಡು ಸಾಲಿಗೆ ಮಾತ್ರ ಸಾಕಾಯಿತು.

ಆಗ ನಡೆದದ್ದು ವಿಚಿತ್ರ. ಮೂರು ತಿಂಗಳ ಹಿಂದೆ ನಕ್ಕವನು ನಾನು ಅವನ ಬೆನ್ನುಹತ್ತಿ, ‘ಅಣ್ಣಾ, ತೊಟ್ಟಿಯಿಂದ ಗಿಡಕ್ಕೊಂದು ಕೊಡ ಹಾಕಿದರೆ ಉಳಿದಾವು. ಎಮ್ಮೆಗೆ ಅಷ್ಟು ನೀರು ಬೇಕಾಗಿಲ್ಲ, ದೊಡ್ಡವ್ವ ಏನೂ ಅನ್ನೋದಿಲ್ಲ’ ಎಂದೆ. ನಿಜವಾಗಿಯೂ ಆಕೆ ಏನೂ ಅನ್ನುತ್ತಿರಲಿಲ್ಲ. ಅಣ್ಣ ತೊಟ್ಟಿಯನ್ನು ನೋಡಿದ, ಒಣಗುವ ಸಾಲನ್ನು ನೋಡಲಿಲ್ಲ. ‘ಆಕಿ ಅನ್ನೋದಿಲ್ಲ ಅಂತಲೇ ತಮ್ಮಾ’ ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ಮುಂಗಾರು ಬರುವಷ್ಟರಲ್ಲಿ ಹನ್ನೊಂದು ಗಿಡ ಹೋದವು. ಅವುಗಳಲ್ಲಿ ಆರು ಅನ್ನಾಗಳೂ ಸೇರಿದ್ದವು. ಅವ್ವ, ಎಪ್ಪತ್ತು ದಾಟಿದವಳು, ಪಾತ್ರೆ ತೊಳೆದ ನೀರನ್ನು ದಿನಾ ಹೊತ್ತು ಹಾಕಿ ಎರಡು ಗಿಡ ಉಳಿಸಿದಳಂತೆ. ಅವು ಲೆಕ್ಕಕ್ಕೆ ಸೇರಿ ಇಪ್ಪತ್ತೆರಡು.

ಡಿಸೆಂಬರಿನಲ್ಲಿ ಆ ಇಪ್ಪತ್ತೆರಡು ಗಿಡಗಳ ಎಲೆಯನ್ನೆಲ್ಲ ಅಣ್ಣ ಕೈಯಿಂದ ಕಿತ್ತುಹಾಕಿದ. ಊರಿನವರು ಈಗ ನಿಜವಾಗಿಯೂ ತಲೆಕೆಟ್ಟಿತೆಂದರು. ಚಳಿಯಿಲ್ಲದ ನಾಡಿನಲ್ಲಿ ಎಲೆ ಕಿತ್ತರೆ ಗಿಡ ಚಳಿಗಾಲ ಬಂದು ಹೋಯಿತೆಂದೇ ತಿಳಿದು ಮೊಗ್ಗು ಬಿಡುತ್ತದೆ. ಇಂಡೋನೇಷ್ಯದ ಜಾವಾ ದ್ವೀಪದಲ್ಲಿ, ಮಲಂಗ್ ಊರಿನ ಹತ್ತಿರದ ಬಾಟು ಎಂಬಲ್ಲಿ, ಹೀಗೆ ಎಲೆ ಕಿತ್ತು ಕಿತ್ತು ವರ್ಷಕ್ಕೆ ಎರಡು ಸಲ ರೋಮ್ ಬ್ಯೂಟಿ ಸೇಬು ಬೆಳೆಯುತ್ತಾರೆ.

ಈ ಸಲ ಶಿವರಾತ್ರಿ ಕಳೆದ ವಾರ ಫೋನು ಬಂತು. ‘ಬಾ’ ಎಂದ, ಅಷ್ಟೇ. ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ಮೂರು ಗಿಡಗಳಲ್ಲಿ ಹೂವಿತ್ತು. ಮೊಗ್ಗಿನಲ್ಲಿ ನಸುಗೆಂಪು, ಬಿರಿದಾಗ ಬಿಳುಪು, ಐದು ಎಸಳು, ನಡುವೆ ಹಳದಿ ಕೇಸರ, ಗೊಂಚಲಿಗೆ ಐದಾರು. ದೊಡ್ಡವ್ವ ಮೂಗಿಗೆ ಹಿಡಿದು ನೋಡಿ, ‘ವಾಸನಿ ಏನೂ ಅಷ್ಟಿಲ್ಲಲ್ಲೋ’ ಎಂದಳು. ಅಣ್ಣ ನಕ್ಕ. ಮೊದಲೆರಡು ವರ್ಷ ಕಾಯಿ ಕಟ್ಟಲು ಬಿಡಬಾರದು, ಗಿಡ ಸೊರಗುತ್ತದೆ, ಹೂವನ್ನೇ ತೆಗೆಯಬೇಕು ಎಂದು ಅವನಿಗೆ ಗೊತ್ತಿತ್ತು. ನಾನು ಬರುವ ತನಕ ತಡೆದಿದ್ದ. ಬಹಳ ಹೊತ್ತು ನೋಡಿದ ಮೇಲೆ ಒಂದೊಂದೇ ಗೊಂಚಲನ್ನು ಉಗುರಿನಿಂದ ಚಿವುಟಿ ನನ್ನ ಅಂಗೈಗೆ ಹಾಕಿದ.

ಮನೆಗೆ ತಂದು ಅವ್ವನಿಗೆ ಕೊಟ್ಟೆ. ಅವಳು ಮರದಲ್ಲಿ ಹರವಿಕೊಂಡು, ‘ಓದಿದವನು ನೀನು, ಹೇಳು. ಇದನ್ನ ದೇವರಿಗೆ ಏರಿಸಬಹುದೇನು?’ ಎಂದು ಕೇಳಿದಳು. ಪೂಜೆಗೆ ಸಲ್ಲುವ, ಸಲ್ಲದ ಹೂಗಳ ಪಟ್ಟಿಗಳನ್ನು ಹಳೆಯ ಗ್ರಂಥಗಳಲ್ಲಿ ಓದಿದ್ದೇನೆ. ಕೇದಗೆ ಶಿವನಿಗೆ ಸಲ್ಲದು ಎಂಬುದಿದೆ. ಈ ಹೂವಿನ ಹೆಸರು ಯಾವುದರಲ್ಲೂ ಇಲ್ಲ ಎಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದಳು. ಆಮೇಲೆ ಎದ್ದು, ಹೂವಿಗೆ ನೀರು ಚಿಮುಕಿಸಿ, ಎರಡು ಗೊಂಚಲನ್ನು ದೇವರ ಮಾಡದಲ್ಲಿಟ್ಟಳು. ಉಳಿದ ಒಂದನ್ನು ಅಪ್ಪನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದಳು. ಅಣ್ಣ ಅಷ್ಟರಲ್ಲಿ ಹೊಲಕ್ಕೆ ಹೋಗಿಬಿಟ್ಟಿದ್ದ. ಕರೆಂಟು ಬರುವ ಹೊತ್ತಾಗಿತ್ತು, ತೊಟ್ಟಿ ತುಂಬಿಸಬೇಕಿತ್ತು.